ನಾಳೆ ಹೆಸರು ಹೇಳುವವರು

ಅಮ್ಮ,

ಫೋನು ಕಾಣಲಿಲ್ಲವೆಂದು ಗಾಬರಿಯಾಗಬೇಡ. ನಾನೇ ಹಮ್ಮಾದಿ ಮಾಮನ ಅಂಗಡಿಗೆ ತೆಗೆದುಕೊಂಡು ಹೋಗಿದ್ದೇನೆ. ಕಡಲೆ ಸಾರು ಒಲೆಯ ಮೇಲಿದೆ, ತಿಂಡಿಗೆ ಬಿಸಿ ಮಾಡಿಕೊಂಡು ತಿನ್ನು.

"ನಿಮ್ಮನ್ನು ಪ್ರೀತಿಸುವವರೊಬ್ಬರು ದೂರದಿಂದ ನೆನೆಯುತ್ತಿದ್ದಾರೆ. ಹೆಸರು ತಿಳಿಯಲು 1 ಕಳಿಸಿ" ಎಂದು ಬರುವ ಮೆಸೇಜಿಗೆ ಇನ್ನು ಉತ್ತರ ಕೊಡಬೇಡ. ನೀನು 1 ಕಳಿಸಿದಾಗಲೆಲ್ಲ ಅವರು ಫೋನಿನ ಕರೆನ್ಸಿ ನುಂಗುತ್ತಾರೆ. ನೀನೋ, "ಹೆಸರು ನಾಳೆ ಹೇಳ್ತಾರಂತೆ ಕಣೇ" ಅಂತ ಕಾಯುತ್ತಲೇ ಇರುತ್ತೀಯ. ಮಾಮ ಏನಂದರು ಗೊತ್ತಾ? "ಅದನ್ನ ಕಳಿಸೋದು ಮನುಷ್ಯ ಅಲ್ಲ ಸೌಸೆನ್, ಯಂತ್ರ. ನನ್ನ ಕತ್ತೆಗೆ ಫೋನ್ ಕೊಡಿಸಿದ್ರೆ ಅದಕ್ಕೂ ಬರುತ್ತೆ."

ದೋಣಿ ಹತ್ತುವ ಮುಂಚೆ ನಿನ್ನ ಮಗ ವಹೀದ್ ಹೇಳಿದ್ದು ನೆನಪಿದೆಯಲ್ಲ? "ಇಟಲಿ ಮುಟ್ಟಿದ ಮೇಲೆ ಮಿಸ್ ಕಾಲ್ ಕೊಡ್ತೀನಿ, ನೀವೇ ವಾಪಸ್ ಮಾಡಿ, ನನ್ನ ಹತ್ರ ದುಡ್ಡಿರಲ್ಲ." ಅಂದಿನಿಂದ ಅವನ ಸುದ್ದಿಯಿಲ್ಲ. ಆ ಒಂದು ಕರೆಗೆಂದೇ ನಾನು ನಿನ್ನ ಫೋನಿಗೆ ಕರೆನ್ಸಿ ಹಾಕಿಸುತ್ತಿರುವುದು.

ಬೈಯುತ್ತಿಲ್ಲ ಅಮ್ಮ. ಬೆಳಿಗ್ಗೆ ನೀನು ರೊಟ್ಟಿ ತರಲು ಹೋದಾಗ ಫೋನು ಒಂದೇ ಸಲ ರಿಂಗಾಗಿ ನಿಂತಿತು. ಯಾವುದೋ ಹೊರದೇಶದ ನಂಬರು. ತಕ್ಷಣ ವಾಪಸ್ ಮಾಡಲು ಹೋದೆ, ಕರೆನ್ಸಿ ಇರಲಿಲ್ಲ. ಹಾಗೆ ಒಂದು ಸಲ ರಿಂಗ್ ಕೊಟ್ಟು, ವಾಪಸ್ ಮಾಡಿದವರ ದುಡ್ಡು ಕೀಳುವ ಮೋಸಗಾರರೂ ಇದ್ದಾರೆ ಅಂತ ಮಾಮ ಮೊದಲೇ ಎಚ್ಚರಿಸಿದ್ದರು. ಗೊತ್ತಿದ್ದೂ, ಅಂಗಡಿಯಲ್ಲಿ ಕರೆನ್ಸಿ ಹಾಕಿಸಿ ಆ ನಂಬರಿಗೆ ಮಾಡುತ್ತೇನೆ.

ಊಟಕ್ಕೆ ಬರುತ್ತೇನೆ. ಇವತ್ತೂ ವಹೀದನ ತಟ್ಟೆ ಇಡು, ದಿನದ ಹಾಗೆ ನಾನು ಅದನ್ನು ತೆಗೆಯುವುದಿಲ್ಲ.

ಸೌಸೆನ್