ಫ್ಲೆಕ್ಸ್ ಮೇಲೆ ಸತ್ತ ಗಿಟಾರ್ ಮುರುಗಪ್ಪ

ಹಿರಿಯೂರು
೨೧ ನವೆಂಬರ್ ೨೦೨೪

ಗೆಳೆಯ ನಾಸಿರ್‌ಗೆ,

ಮುರುಗಪ್ಪ ಮಾಡುವ ನಮಸ್ಕಾರ. ನಾನು ಕ್ಷೇಮ. ಈ ಮಾತನ್ನು ಈ ಸಲ ಶಾಸ್ತ್ರಕ್ಕೆ ಬರೆದಿಲ್ಲ ಮಾರಾಯ, ನಿಜವಾಗಿಯೂ ಉಸಿರಾಡುತ್ತಿದ್ದೇನೆ. ನಾಲ್ಕು ವರ್ಷ ಒಂದು ಸಾಲೂ ಬರೆಯಲಿಲ್ಲ ಅಂತ ಬೈಯಬೇಡ. ಫೋನ್ ಮಾಡಿದರೆ ನೀನು ಎತ್ತುವುದಿಲ್ಲ. ಕಾಗದವಾದರೆ ನಿನ್ನ ಮನೆಯಾಕೆ ಶಬನಾ ಆದರೂ ಒಡೆದು ಓದಿ ಹೇಳುತ್ತಾಳೆ ಅಂತ ಧೈರ್ಯ ಮಾಡಿದ್ದೇನೆ.

ಗಿಟಾರ್ ಹಿಡಿದು ಹಳ್ಳಿ ಪದ ಹಾಡುತ್ತ ನನಗೆ ನಲವತ್ತು ವರ್ಷ ತುಂಬಿತು ಅಂತ ಹೊಸದುರ್ಗದ ಕಲಾಸಂಘದವರು ಸನ್ಮಾನ ಇಟ್ಟುಕೊಂಡಿದ್ದರು. ಸಂಘದ ಮುದ್ದಪ್ಪ ಫ್ಲೆಕ್ಸಿಗೆ ಒಂದು ಫೋಟೋ ಕೇಳಿದ. ನಾನು ಊರಲ್ಲಿರಲಿಲ್ಲ. ಕೊಟ್ರಮ್ಮ ಗೋಡೆ ಮೇಲಿನ ನನ್ನ ಫೋಟೋವನ್ನೇ ಮೊಬೈಲಲ್ಲಿ ತೆಗೆದು ಕಳಿಸಿದ್ದಾಳೆ. ಆಗಷ್ಟೇ ದೀಪಾವಳಿ ಮುಗಿದಿತ್ತು. ಹೂವು ಉಳಿದರೆ ನಮ್ಮವಳು ಸುಮ್ಮನಿರುವವಳೇ? ಬಸವಣ್ಣನ ಪಟ, ನನ್ನ ಫೋಟೋ, ಸ್ಕೂಟರ್, ಗಿಟಾರ್, ಎಲ್ಲಕ್ಕೂ ಹಾರ ಹಾಕಿಬಿಡುತ್ತಾಳೆ. ಫ್ಲೆಕ್ಸ್ ಅಂಗಡಿಯವರು ಹಾರ ನೋಡಿದರು, ಮುಂದಕ್ಕೆ ಏನೂ ಕೇಳಲಿಲ್ಲ.

ಭಾನುವಾರ ಬೆಳಿಗ್ಗೆ ಗಿಟಾರ್ ಹೆಗಲಿಗೇರಿಸಿ ಹೊಸದುರ್ಗ ಬಸ್ ಸ್ಟ್ಯಾಂಡಿನಲ್ಲಿ ಇಳಿದೆ. ತಲೆ ಎತ್ತಿದರೆ ನಾನೇ! ಆಳೆತ್ತರಕ್ಕೂ ಮೇಲೆ ನಗುತ್ತ ನಿಂತಿದ್ದೇನೆ. ಎರಡೂ ಪಕ್ಕ ದೀಪ, ಕೆಳಗೆ ‘ಭಾವಪೂರ್ಣ ಶ್ರದ್ಧಾಂಜಲಿ. ಗಾನಕೋಗಿಲೆಯೇ, ಮತ್ತೆ ಹುಟ್ಟಿ ಬಾ.’ ನಗಬೇಡ, ಒಂದು ಗಳಿಗೆ ನನ್ನ ಕೈಯನ್ನೇ ಚಿವುಟಿ ನೋಡಿಕೊಂಡೆ. ಫ್ಲೆಕ್ಸಿಗೆ ಕೈಮುಗಿದ ಒಬ್ಬ ಮುದುಕಿ ಪಕ್ಕಕ್ಕೆ ತಿರುಗಿದವಳೇ, “ಅಯ್ಯೋ ಶಿವನೇ, ಇಲ್ಲೇ ನಿಂತವ್ನಲ್ಲೋ!” ಅಂತ ಕಿರುಚಿ ಓಡಿದಳು.

ಮುದ್ದಪ್ಪ ಬೆವರುತ್ತ ಬಂದ. “ನಾನೂ ಈಗ್ಲೇ ನೋಡಿದ್ದು ಅಣ್ಣ, ಅಂಗಡ್ಯಾರೇ ಕಟ್ಟಿ ಹೋಗ್ಯಾರೆ. ಕಾರ್ಯಕ್ರಮ ಮಾತ್ರ ಬಿಡಬ್ಯಾಡ್ರಿ, ಈಗ ಜನ ಮಸ್ತ್ ಬರ್ತಾರೆ” ಅಂದ. ಅವನ ಕಪಾಳಕ್ಕೆ ಕೊಡಬೇಕು ಅನ್ನಿಸಿತು. ಅಷ್ಟರಲ್ಲಿ ಆ ಫ್ಲೆಕ್ಸಿನ ಫೋಟೋ ಹಿರಿಯೂರಿನ, ನಿಮ್ಮ ದುರ್ಗದ ಎಲ್ಲರ ಮೊಬೈಲಿಗೂ ಹೋಗಿತ್ತು. ನನ್ನ ಫೋನ್ ಮನೆಯಲ್ಲಿ ಚಾರ್ಜಿಗಿತ್ತು. ಮುದ್ದಪ್ಪನ ಫೋನಿಂದ ಮಾಡಿದರೆ ಕೊಟ್ರಮ್ಮ ಎತ್ತಲಿಲ್ಲ. ಸಿಕ್ಕ ಬಸ್ ಹತ್ತಿ ವಾಪಸ್ ಬಂದೆ.

ಮನೆ ಮುಂದೆ ಚಪ್ಪಲಿಗಳ ರಾಶಿ. ಕೊಟ್ರಮ್ಮ ಕಂಬಕ್ಕೊರಗಿ ಕೂತಿದ್ದಳು, ಕಣ್ಣಲ್ಲಿ ನೀರೂ ಇರಲಿಲ್ಲ. ನನ್ನನ್ನು ಕಂಡವಳೇ ಎದ್ದು ಬಂದು ಎದೆಗೆ ಗುದ್ದಿದಳು. “ಬೆಳಿಗ್ಗೆ ಉಪ್ಪಿಟ್ಟು ತಿಂದು ಹೋದೋನ್ನ ಸತ್ತ ಅಂತಾರೆ. ನಾನ್ ಯಾರ್ನ ಕೇಳ್ಲಿ? ಫೋನ್ ಯಾಕ್ ಬಿಟ್ಟೋದೆ?” ಗುದ್ದಿ ಗುದ್ದಿ ಸಾಕಾದ ಮೇಲೆ ಅತ್ತಳು. ಅವಳ ಮುಖದಲ್ಲಿ ಅಂಥ ಭಯವನ್ನು ನಾನು ಯಾವತ್ತೂ ನೋಡಿರಲಿಲ್ಲ.

ಜಗಲಿಯಲ್ಲಿದ್ದವರು ಅಷ್ಟರಲ್ಲಿ ನನ್ನ ಬದುಕನ್ನೆಲ್ಲ ಹೇಳಿ ಮುಗಿಸುತ್ತಿದ್ದರು. ಆದಿವಾಲದ ಹೊಲದಲ್ಲಿ ಕಳೆ ಕೀಳುವ ಹೆಂಗಸರಿಂದ ಪದ ಕಲಿತದ್ದು. ನಿಮ್ಮಪ್ಪ ರಿಪೇರಿ ಅಂಗಡಿಯಲ್ಲಿ ಯಾರೋ ಬಿಟ್ಟುಹೋದ ಗಿಟಾರಿಗೆ ತಂತಿ ಕಟ್ಟಿ, “ಹಿಡಿಯಪ್ಪ, ನೀನೇ ಬಾರ್ಸು” ಅಂತ ನನ್ನ ಕೈಗಿಟ್ಟದ್ದು. ಯಲ್ಲದಕೆರೆಯಲ್ಲಿ “ಸಿನಿಮಾದ ವಾದ್ಯ ತಂದವ್ನೆ” ಅಂತ ನಕ್ಕವರು, ಬೀಸೋ ಪದ ಎತ್ತಿದ ಮೇಲೆ ತೆಪ್ಪಗಾದದ್ದು. ಸಿರಿಗೆರೆಯ ಕಾಲೇಜು ಹುಡುಗರು ನಮ್ಮಿಬ್ಬರ ಹೆಸರನ್ನೂ ಸೇರಿಸಿ ಒಂದೇ ಹೆಸರಿನ ಹಾಗೆ ಕೂಗಿದ್ದು. “ಒಳ್ಳೇ ಕಂಠ ಇತ್ತು” ಅಂದರು. ನಾನು ಎದುರಿಗೆ ನಿಂತ ಮೇಲೂ ಒಬ್ಬರೂ ಅದನ್ನು ‘ಐತೆ’ ಅಂತ ತಿದ್ದಿಕೊಳ್ಳಲಿಲ್ಲ.

ಅವತ್ತಿಂದ ಒಂದು ಪದವೂ ಹಾಡಿಲ್ಲ ನಾಸಿರ್. ಗಿಟಾರ್ ತೊಡೆ ಮೇಲಿಟ್ಟುಕೊಳ್ಳುತ್ತೇನೆ, ಹಾಗೇ ಮತ್ತೆ ಗೋಡೆಗೆ ಒರಗಿಸಿಬಿಡುತ್ತೇನೆ. ಸನ್ಮಾನವನ್ನು ಡಿಸೆಂಬರಿಗೆ ಹಾಕಿದ್ದಾರೆ. ಪಕ್ಕದಲ್ಲಿ ಮೊದಲಿನ ಹಾಗೆ ನೀನು ನಿಂತು ದನಿಗೂಡಿಸಿದರೆ ಹಾಡಿಯೇನು. ಇಲ್ಲದಿದ್ದರೆ ಇಲ್ಲ, ಅವರ ಫ್ಲೆಕ್ಸೇ ನಿಜವಾಗಲಿ.

ನಿನಗೂ ಶಬನಾಗೂ ದೇವರು ಆಯುಸ್ಸು, ಆರೋಗ್ಯ ಕೊಡಲಿ. ಮಗಳು ಸಬಾಗೆ ನನ್ನ ಆಶೀರ್ವಾದ ಹೇಳು.

ಇಂತಿ ನಿನ್ನ,
ಇನ್ನೂ ಇರುವ ಮುರುಗಪ್ಪ

ತಾ.ಕ.: ಇದನ್ನು ಬರೆಯಬಾರದು ಅಂತಲೇ ಸಹಿ ಹಾಕಿದ್ದೆ. ಹೊಳಲ್ಕೆರೆಯ ಮದುವೆಯಲ್ಲಿ ಕೀಬೋರ್ಡ್ ಬೇಕೋ ಬೇಡವೋ ಅಂತ ಜಗಳವಾಡಿದ ದಿನ, “ನೀನ್ ಸತ್ರೂ ನಿನ್ ಮನೆ ಮೆಟ್ಲು ಹತ್ತಲ್ಲ” ಅಂತ ನೀನು ಅಂದಿದ್ದೆ. ಸಿಟ್ಟಿನ ಮಾತು ಅಂತ ನಾನು ಬಿಟ್ಟುಬಿಟ್ಟಿದ್ದೆ. ಭಾನುವಾರ ಶಬನಾ ಒಳಗೆ ಬಂದಳು, ನನ್ನನ್ನು ನೋಡಿ ಬಾಯಿಗೆ ಸೆರಗು ಒತ್ತಿಕೊಂಡಳು. ನಾನು ಅವಳ ಬೆನ್ನ ಹಿಂದೆ ನೋಡುತ್ತಿದ್ದೆ. “ಅವ್ರು ಆಟೋದಾಗೇ ಕುಂತವ್ರೆ ಅಣ್ಣ, ದುರ್ಗದಿಂದ ದಾರಿ ಉದ್ದಕ್ಕೂ ಅತ್ಕಂಡೇ ಬಂದ್ರು” ಅಂದಳು. ನಾನು ಬಾಗಿಲಿಗೆ ಓಡಿದೆ. ನೀನು ನನ್ನನ್ನು ನೋಡಿದೆ. ನೋಡಿ ಕಣ್ಣೊರೆಸಿಕೊಂಡೆ, ಮುಖ ತಿರುಗಿಸಿದೆ. ಶಬನಾ ಓಡಿ ಬಂದು ಹತ್ತಿಕೊಂಡ ಕೂಡಲೇ ಆಟೋ ಹೊರಡಿಸಿದೆ. ಒಂದೇ ಒಂದು ಕೇಳುತ್ತೇನೆ, ಹೇಳಿಬಿಡು: ನಾನು ಬದುಕಿದ್ದದ್ದು ನಿನಗೆ ಬೇಜಾರಾಯಿತಾ?