ಬೆವರಿಲ್ಲದ ಅಂಗಿ

ಏಪ್ರಿಲ್ 11, ಬೆಳಿಗ್ಗೆ

ಮತ್ತೆ ಅದೇ ಸದ್ದು. ಟಪ್ ಟಪ್... ಟಪ್. ಆಮೇಲೆ ಚೆಂಡು ಉರುಳಿ ಗೋಡೆಗೆ ತಾಗಿದ್ದು.

ನನ್ನ ಕೋಣೆಯ ನೆತ್ತಿಯ ಮೇಲೆ, ಮೂರನೇ ಮಹಡಿಯಲ್ಲಿ, ನಮ್ಮ ಫುಟ್‌ಬಾಲ್ ಕ್ಲಬ್ಬಿನ ಆಟಗಾರ ಅಮಾರೊನ ಕೋಣೆ. ಅವನು ಹೋಗಿ ಎರಡು ಚಳಿಗಾಲ ಕಳೆದಿವೆ. ಸೇತುವೆ, ಮಂಜುಗಡ್ಡೆ, ಕಾರು... ಅದನ್ನು ಬರೆಯುವುದಿಲ್ಲ.

ಅಮ್ಮನನ್ನು ಕೇಳಿದೆ. "ಹೀಟರ್ ಪೈಪು ಕಣೆ. ಮನೆ ನಿನ್ನ ಮುತ್ತಜ್ಜನ ಕಾಲದ್ದು, ಅದೂ ಕೆಮ್ಮುತ್ತೆ. ಬ್ರೆಡ್ ತಿಂದು ಹೊರಡು."

ಪೈಪು ಕೆಮ್ಮಬಹುದು. ಎಡಗಾಲಲ್ಲಿ ಚೆಂಡು ತಟ್ಟುವುದಿಲ್ಲ. ಎರಡು ಚುರುಕು, ಒಂದು ನಿಧಾನ — ಮೆಟ್ಟಿಲ ತಿರುವಿನಲ್ಲಿ ನಿಂತು ಅವನು ನನಗೆ ಕಲಿಸಿದ ಲಯ. ಆಗ ನನಗೆ ಒಂಬತ್ತು.

ಏಪ್ರಿಲ್ 11, ಕ್ಲಬ್ಬಿನ ಅಂಗಡಿಯಲ್ಲಿ, ಊಟದ ಹೊತ್ತು

ಇವತ್ತಿಡೀ ಹೀಟ್ ಪ್ರೆಸ್ ಮುಂದೆ. ಜೆರ್ಸಿ ಹಾಸು, ನಂಬರ್ ಇಡು, ಒತ್ತು, ಎತ್ತು, ಹಾಳೆ ಸುಲಿ. ಬೆನ್ನ ಮೇಲೆ ಇನ್ನೊಬ್ಬನ ಹೆಸರು ಹೊತ್ತು ಜನ ಖುಷಿಯಾಗಿ ಹೋಗುತ್ತಾರೆ. ಕ್ಲಬ್ಬಿನ ಸಂಬಳ ತಿಂದು ಕ್ಲಬ್ಬನ್ನೇ ಬೈದು ಕರಪತ್ರ ಬರೆಯುತ್ತೀಯಲ್ಲ ಅಂತ ಕೆಲವರು ಚುಚ್ಚುತ್ತಾರೆ. ಈ ಊರಿನ ಬಟ್ಟೆ ಮಿಲ್ಲಿನ ಹೆಂಗಸರು ಆಗ ಮಿಲ್ಲಿನಲ್ಲಿ ಕೆಲಸ ಮಾಡುತ್ತಲೇ ಮುಷ್ಕರ ಹೂಡಿದ್ದರು. ನಾಕು ಕಾಸಿನ ಕರಪತ್ರಗಳನ್ನು ಓದಿಯೇ ಇಷ್ಟು ತಿಳಿದದ್ದು. ಸಾಕು.

ಹೊಸ ಅಂಗಿಯ ಡಬ್ಬಗಳು ಬಂದಿವೆ. ಕದ್ದು ನೋಡಿದೆ. ಥೂ!

ನಮ್ಮದು ತುಕ್ಕುಗೆಂಪು, ಕೆನೆಬಿಳಿ. ಮಗ್ಗದ ಮೇಲಿನ ಹಾಸುನೂಲಿನ ಹಾಗೆ ಉದ್ದುದ್ದ ಪಟ್ಟೆ. ಸ್ಪಿಂಡಲ್ಸ್, ಅಂದರೆ ನೂಲಿನ ಕದಿರುಗಳು, ಅನ್ನುವ ತಂಡಕ್ಕೆ ಬೇರೇನಿರಬೇಕು? ಇವರು ತಂದಿರುವುದು ಬೂದಿ ಬಣ್ಣ. ಬರೀ ಬೂದಿ. ಎದೆಯ ಮೇಲೆ ಹಾಸಿಗೆ ಕಂಪನಿಯ ಹೆಸರು. ಲೀಗಿನ ಎಲ್ಲ ತಂಡಕ್ಕೂ ಒಬ್ಬನೇ ದರ್ಜಿ, ಒಂದೇ ಕತ್ತರಿ. ಲಾಂಛನ ಮುಚ್ಚಿದರೆ ನಮ್ಮ ಊರು ಫಾಲ್ ರಿವರ್ ಯಾವುದು, ಮರುಭೂಮಿಯ ಊರು ಯಾವುದು, ದೇವರಿಗೂ ಗೊತ್ತಾಗಲಿಕ್ಕಿಲ್ಲ.

ಅಂಕಿಗಳೂ ಲೀಗಿನವೇ. ಏಳಕ್ಕೆ ನಡುವೆ ಅಡ್ಡಗೆರೆ ಇಲ್ಲ! ನಮ್ಮ ಅಜ್ಜಿಯರು ಸಮುದ್ರದಾಚೆಯ ದ್ವೀಪಗಳಿಂದ ಹಡಗು ಹತ್ತಿ ಬಂದಾಗ ಜೊತೆಗೆ ತಂದದ್ದು ಅಡ್ಡಗೆರೆಯ ಏಳು. ಕ್ಲಬ್ಬಿನ ಮೊದಲ ಅಂಗಿಗಳ ಅಂಕಿಗಳನ್ನು ಕತ್ತರಿಸಿದವರೂ ಅವರೇ. ಅಮಾರೊನ 17ರಲ್ಲೂ ಆ ಗೆರೆ ಇತ್ತು. ನಾನೇ ಒತ್ತಿದ್ದೆ.

ಏಪ್ರಿಲ್ 14

ಇವತ್ತು ತವರು ಪಂದ್ಯ. ಸೋತೆವು. ಕೆಳಗಿನ ಲೀಗಿಗೆ ಬೀಳುವ ಭಯ ಈ ದೇಶದಲ್ಲಿ ಯಾವ ತಂಡಕ್ಕೂ ಇಲ್ಲ, ಹಾಗಾಗಿ ಸೋತವರ ಮುಖದಲ್ಲಿ ನಾಚಿಕೆಯೂ ಇಲ್ಲ.

ಬರೆಯಬೇಕಾದದ್ದು ಅದಲ್ಲ.

ಬೆಳಿಗ್ಗೆ ಎಂದಿನಂತೆ ಮೂರನೇ ಮಹಡಿಗೆ ಹೋಗಿ ಅಮಾರೊನ ಅಂಗಿ ತಂದೆ. ಪ್ರತಿ ತವರು ಪಂದ್ಯಕ್ಕೂ ಅದನ್ನು ನಾವು ಅಭಿಮಾನಿಗಳು ಸೇರುವ ನಾರ್ತ್ ಸ್ಟ್ಯಾಂಡಿನ ಬೇಲಿಗೆ ಕಟ್ಟುತ್ತೇವೆ. ಹದಿನೇಳನೇ ನಿಮಿಷಕ್ಕೆ ಡೋಲು ನಿಲ್ಲಿಸಿ ಒಂದು ನಿಮಿಷ ಮೌನ. ಪಂದ್ಯ ಮುಗಿದ ಮೇಲೆ ಅಂಗಿ ಮತ್ತೆ ಅವನ ತಾಯಿ ದೋನ ಇದಾಲಿನಾ ಕೈಗೆ. ಆಕೆ ತೊಳೆದು ಇಸ್ತ್ರಿ ಮಾಡಿಡುತ್ತಾಳೆ. ಈ ಪದ್ಧತಿ ಹಾಕಿದವಳು ನಾನೇ.

ಬಾಗಿಲು ಸ್ವಲ್ಪವೇ ತೆರೆದು ಕೊಟ್ಟಳು. ಒಳಗೆ ಕರೆಯಲಿಲ್ಲ.

ಬೇಲಿಗೆ ಕಟ್ಟುವಾಗ ನೋಡಿದೆ. ಅಂಚಿನಲ್ಲಿ ಕೆಸರು. ಹುಲ್ಲಿನ ಹಸಿರು ಕಲೆ. ಒದ್ದೆ. ಮೂಸಿದೆ.

ಬೆವರು.

ಯಾರಿಗೂ ಹೇಳಲಿಲ್ಲ. ಮೌನದ ನಿಮಿಷದಲ್ಲಿ ಗಾಳಿ ಇರಲಿಲ್ಲ. ಅಂಗಿಯ ತೋಳು ಅಲ್ಲಾಡಿತು. ಅಲ್ಲಾಡಿತು ಅಂತ ಬರೆಯುತ್ತಿದ್ದೇನೆ, ಅಷ್ಟೇ.

ಏಪ್ರಿಲ್ 18

ಹೊಸ ಅಂಗಿಯ ಬಿಡುಗಡೆ. ಹೊಗೆ, ದೀಪ, ಸಂಗೀತ. ಹೊಗೆಯೊಳಗಿಂದ ಬೂದಿ ಅಂಗಿ ತೊಟ್ಟ ಹುಡುಗನೊಬ್ಬ ನಡೆದು ಬಂದ. ಪಾಟಕೆಟ್ ಊರಿನ ಕೇಪ್ ವರ್ಡೆ ಮೂಲದವ, ಹತ್ತೊಂಬತ್ತು ವರ್ಷ, ಇವಾಂಡ್ರೊ ಲೊಂಬಾ. ಬೆನ್ನು ತಿರುಗಿಸಿದ.

17.

ಗೆರೆಯಿಲ್ಲದ ಏಳು.

ಅಂಗಡಿಯ ಹಿಂದಕ್ಕೆ ಹೋದೆ. ಕೂತು ಒಂದೇ ಉಸಿರಿಗೆ ಕರಪತ್ರ ಬರೆದೆ: "ಹದಿನೇಳು ಮಾರಾಟಕ್ಕಿಲ್ಲ. ಸತ್ತವನ ಬೆನ್ನು ಸುಲಿದು ಬದುಕಿದವನಿಗೆ ಹೊದಿಸುವುದು ವ್ಯಾಪಾರ. ಆ ಹುಡುಗನ ಮೊದಲ ಪಂದ್ಯದ ಹದಿನೇಳನೇ ನಿಮಿಷಕ್ಕೆ ಇಡೀ ನಾರ್ತ್ ಸ್ಟ್ಯಾಂಡ್ ಮೈದಾನಕ್ಕೆ ಬೆನ್ನು ಹಾಕಲಿ. ಆ ಅಂಗಿ ಇಲ್ಲಿಂದ ಹೋಗುವವರೆಗೆ ನಮ್ಮ ಮುಖ ಅವರಿಗಿಲ್ಲ."

ನಮ್ಮ ಡೋಲಿನ ಗಿಲ್ ಫ್ರಗೋಸೊ ಓದಿ ನನ್ನ ತಲೆಗೆ ಮುತ್ತಿಟ್ಟ. "ಏನಮ್ಮಾ ಕ್ರಾಂತಿಕಾರಿ, ಇದನ್ನ ಓದಿದ್ರೆ ನಮ್ಮಜ್ಜಿ ಗೋರಿಯಿಂದ ಎದ್ದು ಬಂದು ಸೀಸನ್ ಟಿಕೆಟ್ ವಾಪಸ್ ಕೊಡ್ತಾಳೆ!"

ಸಂಜೆಯೊಳಗೆ ಎಲ್ಲರ ಫೋನಿನಲ್ಲೂ ಅದೇ.

ಏಪ್ರಿಲ್ 20, ಸಂಜೆ

ಟಪ್ ಟಪ್... ಟಪ್. ತಡೆಯಲಾಗಲಿಲ್ಲ. ಮೇಲೆ ಹೋದೆ. ಬಾಗಿಲು ತಟ್ಟದೆ ತಳ್ಳಿದೆ.

ಅಡುಗೆಮನೆಯ ಮೇಜಿನ ಮುಂದೆ ಕೂತಿದ್ದಾನೆ. ಕಾಲಡಿಯಲ್ಲಿ ಚೆಂಡು, ಮುಂದೆ ಸೊಪ್ಪಿನ ಸೂಪು. ಇವಾಂಡ್ರೊ ಲೊಂಬಾ. ಮೈಮೇಲೆ ಅಮಾರೊನ ಅಂಗಿ.

"ಬಂದ್ಯಾ ಜುಲ್ಮೀರಾ?" ದೋನ ಇದಾಲಿನಾ ತಿರುಗಿಯೂ ನೋಡಲಿಲ್ಲ. "ನಿಂಗೂ ಒಂದು ಬಟ್ಟಲು ಹಾಕ್ತೀನಿ. ಕೂತ್ಕೊ."

"ಇವನು... ಇಲ್ಲಿ..."

"ಕ್ಲಬ್ಬಿನವರು ಹೊಸ ಹುಡುಗರನ್ನ ಮನೆಗಳಲ್ಲಿ ಇರಿಸ್ತಾರಲ್ಲ. ನಂದೂ ಒಂದು ಕೋಣೆ ಇದೆ ಅಂದೆ. ಹಿಂದಿನ ಮೆಟ್ಟಿಲಲ್ಲಿ ಓಡಾಡ್ತಾನೆ, ನಿಂಗೆ ಕಂಡಿಲ್ಲ."

"ಅಂಗಿ ಯಾಕೆ ಕೊಟ್ರಿ? ಅದು ಅಮಾರೊಂದು!"

ಆಗ ತಿರುಗಿದಳು. ಸೌಟು ಕೈಯಲ್ಲೇ ಇತ್ತು.

"ಗೊತ್ತಿಲ್ವಾ ನಂಗೆ? ಎರಡು ವರ್ಷದಿಂದ ತೊಳೀತಾ ಇದೀನಿ. ನೀವು ತಗೊಂಡ್ ಹೋಗ್ತೀರಿ, ತಗೊಂಡ್ ಬರ್ತೀರಿ. ಒಂದು ಕಲೆ ಇಲ್ಲ, ಒಂದು ಬೆವರಿಲ್ಲ. ಸ್ವಚ್ಛವಾಗಿರೋದನ್ನೇ ತೊಳೀಬೇಕು. ಹೆಣ ತೊಳೆದ ಹಾಗೆ, ಮಗಳೇ. ಹೆಣನ ಒಂದ್ಸಲ ತೊಳೀತಾರೆ. ನೀವು ನಂಗೆ ಪ್ರತಿ ಪಂದ್ಯಕ್ಕೂ ತೊಳೆಸ್ತೀರಿ."

ಸೂಪಿನ ಬಟ್ಟಲು ನನ್ನ ಮುಂದಿಟ್ಟಳು.

"ಹದಿನೇಳು ಇವನಿಗೇ ಕೊಡಿ ಅಂತ ಕ್ಲಬ್ಬಿಗೆ ಹೋಗಿ ಕೇಳಿದೋಳು ನಾನೇ. ಯಾರಾದ್ರೂ ಅದರಲ್ಲಿ ಓಡ್ಲಿ. ಬೀಳ್ಲಿ. ಹೊಲಸು ಮಾಡ್ಕೊಂಡ್ ಬರ್ಲಿ. ನಾನು ಬೈತೀನಿ."

ಸೂಪು ಕುಡಿದೆ. ಅವಳು ಬಚ್ಚಲಿಗೆ ಹೋಗಿ ಅಲ್ಲಿಂದ ಕೂಗಿದಳು — "ಅಮಾರೊ, ಟವೆಲ್ ಕೊಡು!"

ಹುಡುಗ ಎದ್ದ. "ಬಂದೆ."

ಮೆಟ್ಟಿಲವರೆಗೆ ಬಂದ ಅವನನ್ನು ಹಿಡಿದು ಕೇಳಿದೆ. "ಅದು ನಿನ್ನ ಹೆಸರಾ? ನಾಚಿಕೆ ಆಗಲ್ವಾ?"

"ಮೊದಲನೇ ದಿನ ಸುಮ್ಮನಿದ್ದೆ ಅಕ್ಕ," ಅಂದ. "ಆಕೆ ಕರೀತಾನೇ ಇದ್ಲು. ಆ ಕೋಣೆ ಬಾಗಿಲಲ್ಲಿ ನಿಂತು. ಕೇಳಕ್ಕಾಗಲಿಲ್ಲ ನಂಗೆ."

ನಾನಾಗಿದ್ದರೆ ಎಂದೂ ಓಗೊಡುತ್ತಿರಲಿಲ್ಲ.

ಏಪ್ರಿಲ್ 22

ಗಿಲ್‌ಗೆ ಎಲ್ಲ ಹೇಳಿದೆ. ಬೇಕರಿಯ ಮುಂದೆ, ಅವನ ಬಾಯಲ್ಲಿ ಕರಿದ ಮಲಸಾದ ಸಿಹಿ ತುಂಬಿತ್ತು.

"ಬೆನ್ನು ಹಾಕೋದು ಬೇಡ ಗಿಲ್. ಆಕೆಯೇ ಕೇಳಿದ್ದು."

"ಆಕೆ ಮಗನ್ನ ಕಳ್ಕೊಂಡೋಳು, ಪಾಪ. ಯಾರು ಏನು ಹೇಳ್ಕೊಟ್ರೋ." ಸಕ್ಕರೆ ಕೊಡವಿಕೊಂಡ. "ಕ್ಲಬ್ಬಿನವರು ಮುದುಕಿ ಹಿಂದೆ ಬಚ್ಚಿಟ್ಕೊಳ್ತಾ ಇದಾರೆ. 'ವ್ಯಾಪಾರಿ ಮೊದಲು ಬರೋದು ಕಣ್ಣೀರು ಒರೆಸೋಕೆ' — ಯಾರು ಬರ್ದಿದ್ದು?"

ನಾನು ಬರೆದದ್ದು. ಹೋದ ವರ್ಷದ ಕರಪತ್ರ.

"ನಾನು ತಪ್ಪಿರಬಹುದು."

"ನೀನು ತಪ್ಪಿದ್ರೂ ಬರ್ದಿದ್ದು ಸರಿ ಇದೆ ಬಿಡು," ಅಂದ. ನಕ್ಕ. ಬೆನ್ನು ತಟ್ಟಿದ.

ಏಪ್ರಿಲ್ 24

ಇವಾಂಡ್ರೊನ ಪಂದ್ಯದ ಅಂಗಿಗಳು ನನ್ನ ಮೇಜಿಗೆ ಬಂದವು. ಒಂದು. ಏಳು. ಒತ್ತಿದೆ. ಆಮೇಲೆ ಮಿಕ್ಕ ಚೂರಿನಿಂದ ಸಣ್ಣ ಪಟ್ಟಿ ಕತ್ತರಿಸಿ, ಏಳರ ನಡುವೆ ಅಡ್ಡ ಇಟ್ಟು, ಮತ್ತೆ ಒತ್ತಿದೆ. ಲೀಗಿನ ನಿಯಮಕ್ಕೆ ವಿರುದ್ಧ. ಇರಲಿ.

ಪ್ರೆಸ್ ಎತ್ತಿದಾಗ ಬಿಸಿ ಅಂಗಿ ನಿಟ್ಟುಸಿರಿಟ್ಟ ಹಾಗೆ ಆವಿ ಬಿಟ್ಟಿತು. ದಿನಾ ಬಿಡುತ್ತದೆ. ಇವತ್ತು ಕೇಳಿಸಿತು.

ಏಪ್ರಿಲ್ 25, ಪಂದ್ಯದ ನಂತರ

ದೋನ ಇದಾಲಿನಾ ಬಂದಿದ್ದಳು. ಮಗ ಹೋದ ಮೇಲೆ ಮೊದಲ ಸಲ. ಕಪ್ಪು ಕೋಟು, ಕಪ್ಪು ಸ್ಕಾರ್ಫು, ನಮ್ಮ ಎದುರಿನ ಸ್ಟ್ಯಾಂಡಿನಲ್ಲಿ. ಮಳೆ ಬಂದು ನಿಂತಿತ್ತು.

ಹದಿನೇಳನೇ ನಿಮಿಷ. ಡೋಲು ನಿಂತಿತು. ಇಡೀ ನಾರ್ತ್ ಸ್ಟ್ಯಾಂಡ್ ತಿರುಗಿತು.

ನಾನೊಬ್ಬಳು ತಿರುಗಲಿಲ್ಲ. ಮುಂದಿನ ಸಾಲಿನವರ ಮುಖಗಳೆಲ್ಲ ನನ್ನ ಕಡೆಗಿದ್ದವು. ಗಿಲ್ ಪಿಸುಗುಟ್ಟಿದ — "ತಿರುಗೇ, ಜುಲ್."

ಆ ಮೌನದಲ್ಲಿ ಮೈದಾನ ಪೂರ್ತಿ ಕೇಳಿಸುತ್ತಿತ್ತು. ಕೆಸರಿನಲ್ಲಿ ಬೂಟು. ಉಸಿರು. ಎಡಗಾಲು, ಎರಡು ಚುರುಕು, ಒಂದು ನಿಧಾನ. ದೂರದಿಂದ ನೋಡಿದರೆ... ನಾನು ಹೇಳುವುದಿಲ್ಲ. ಅವನು ಜಾರಿ ಬಿದ್ದ. ಎದ್ದ. ಬೆನ್ನಲ್ಲಿ ಕೆಸರು, ಕೆಸರಿನ ನಡುವೆ ಆ ಗೆರೆ.

ಎದುರಿನ ಸ್ಟ್ಯಾಂಡಿನಲ್ಲಿ ಕಪ್ಪು ಕೋಟು ಎದ್ದು ನಿಂತು ಚಪ್ಪಾಳೆ ತಟ್ಟುತ್ತಿತ್ತು. ಅಷ್ಟು ದೊಡ್ಡ ಮೈದಾನದಲ್ಲಿ ಒಂದೇ ಜೊತೆ ಕೈ.

ಏಪ್ರಿಲ್ 26

ಬೆಳಗಿನಿಂದ ಮೇಲೆ ನಲ್ಲಿ ನೀರು. ಬ್ರಶ್ಶಿನಿಂದ ಉಜ್ಜುವ ಸದ್ದು. ಮತ್ತೆ ಬೈಗುಳ!

"ಹಂದಿ ಹಾಗೆ ಹೊರಳಿದ್ಯಲ್ಲೋ! ಈ ಕಲೆ ನಿಮ್ಮಪ್ಪ ಬಂದು ತೆಗೀತಾನಾ?"

ನಗುತ್ತಿದ್ದಳು. ಅಮ್ಮ ಸೌಟು ಹಿಡಿದು ಛಾವಣಿ ನೋಡುತ್ತಾ ನಿಂತುಬಿಟ್ಟಳು.

ಮೇ 21

ಬರೆದಿರಲಿಲ್ಲ. ಪ್ರತಿ ತವರು ಪಂದ್ಯದಲ್ಲೂ ಬೆನ್ನು. ಈಗ ಬರೀ ಒಂದು ನಿಮಿಷವಲ್ಲ, ಅವನ ಕಾಲಿಗೆ ಚೆಂಡು ಬಂದಾಗಲೆಲ್ಲ. ಬೂದಿ ಅಂಗಿ ಅಂಗಡಿಯಲ್ಲಿ ಕೊಳೆಯುತ್ತಿದೆ. ಯಾರೂ ಕೊಳ್ಳುತ್ತಿಲ್ಲ. ನನ್ನ ಕರಪತ್ರ ಬೇರೆ ಊರುಗಳಿಗೂ ಹೋಗಿದೆಯಂತೆ.

ಜೂನ್ 4

ಇವಾಂಡ್ರೊನನ್ನು ಬೇರೆ ತಂಡಕ್ಕೆ ಟ್ರೇಡ್ ಮಾಡಿದ್ದಾರೆ. ಪಶ್ಚಿಮದ ಯಾವುದೋ ಮರುಭೂಮಿಯ ಊರಿಗೆ. ಅವನಿಗೆ ಗೊತ್ತಾದದ್ದು ಬೆಳಿಗ್ಗೆ, ಹೊರಟದ್ದು ಮಧ್ಯಾಹ್ನ. ಯಾರೂ ಅವನನ್ನು ಕೇಳಲಿಲ್ಲ. ಇಲ್ಲಿ ಆಟಗಾರ ಕ್ಲಬ್ಬಿನವನೂ ಅಲ್ಲ, ಲೀಗಿನ ಸಾಮಾನು — ಇದನ್ನು ವಿರೋಧಿಸಿಯೇ ಅಲ್ಲವೇ ನಾನು ಬರೆಯಲು ಶುರು ಮಾಡಿದ್ದು?

ಕ್ಲಬ್ಬಿನ ಪ್ರಕಟಣೆ: "ಅಭಿಮಾನಿಗಳ ಭಾವನೆ ಗೌರವಿಸಿ 17ಕ್ಕೆ ಶಾಶ್ವತ ವಿಶ್ರಾಂತಿ. ಇನ್ನು ಅದನ್ನು ಯಾರೂ ತೊಡುವುದಿಲ್ಲ."

ಗಿಲ್ ಅಂಗಡಿಗೇ ಬಂದು ನನ್ನನ್ನು ಎತ್ತಿ ತಿರುಗಿಸಿದ. "ಗೆದ್ವಿ ಕಣೇ! ನೀನು ಗೆಲ್ಸಿದೆ!" ಅಳುತ್ತಿದ್ದ. ಒಳ್ಳೆಯವನು. ಅದೇ ಕಷ್ಟ.

ಜೂನ್ 6

ಇವಾಂಡ್ರೊ ಬಿಟ್ಟುಹೋದ 17ರ ಅಂಗಿಗಳ ನಂಬರ್ ಸುಲಿಯಬೇಕಂತೆ, ಬೇರೆ ಅಂಕಿ ಒತ್ತಲು. ಬಿಸಿ ಮಾಡಿ, ತುದಿ ಹಿಡಿದು, ಮೆಲ್ಲಗೆ ಎಳೆದೆ. ಬಂತು. ಕೆಳಗೆ ನೆರಳು ಉಳಿಯಿತು. ಹಾಗೇ ಉಳಿಯುತ್ತದೆ, ಶಾಖ ಬಟ್ಟೆಯನ್ನು ಮರೆಯಲು ಬಿಡುವುದಿಲ್ಲ. ಬೆಳಕಿಗೆ ಹಿಡಿದರೆ ಒಂದು, ಏಳು, ಏಳರ ನಡುವೆ ನನ್ನ ಗೆರೆ.

ಒಂದನ್ನು ಚೀಲಕ್ಕೆ ಹಾಕಿಕೊಂಡು ಬಂದೆ.

ಜೂನ್ 13

ಅಮಾರೊನ ಅಂಗಿಯನ್ನು ಕ್ಲಬ್ಬಿನವರು ಗಾಜಿನೊಳಗೆ ಹಾಕಿ ಮೈದಾನದ ಬಾಗಿಲಲ್ಲಿ ತೂಗುಹಾಕಿದ್ದಾರೆ. ಸುತ್ತ ದೀಪ. ಇನ್ನು ಬೇಲಿಗೆ ಕಟ್ಟುವ ಹಾಗಿಲ್ಲ.

ಸಂಜೆ ಮೆಟ್ಟಿಲಲ್ಲಿ ದೋನ ಇದಾಲಿನಾ ಸಿಕ್ಕಳು. ಅಂಗಿಯ ತೋಳು ಮೇಲಕ್ಕೆ ಮಡಚಿದ್ದಳು, ಕೈಯಲ್ಲಿ ಸೋಪಿನ ನೊರೆ.

"ಇವತ್ತು ಪಂದ್ಯ ಇತ್ತಲ್ಲ ಜುಲ್ಮೀರಾ. ಅಂಗಿ ಎಲ್ಲಿ?"

"ಗಾಜಿನೊಳಗೆ ಇಟ್ಟಿದಾರೆ, ದೋನ."

"ಮತ್ತೆ ಆ ಹುಡುಗಂದು?"

ಹೆಗಲ ಚೀಲವನ್ನು ಬೆನ್ನ ಹಿಂದಕ್ಕೆ ಸರಿಸಿದೆ.

"ನೀರು ಕಾಯ್ಸಿದೀನಿ," ಅಂದಳು. "ಈಗ ಏನು ತೊಳೀಲಿ?"

ಜೂನ್ 14

ಟಪ್ ಟಪ್... ಟಪ್.

ಆ ಕೋಣೆಯಲ್ಲಿ ಈಗ ಯಾರೂ ಇಲ್ಲ. ಅಮ್ಮನೂ ಕೇಳಿಸಿಕೊಂಡಳು. ಪೈಪು ಅನ್ನಲಿಲ್ಲ. ಬೇಸಿಗೆಯಲ್ಲಿ ಹೀಟರ್ ಇರುವುದಿಲ್ಲ. ಶಿಲುಬೆಯ ಗುರುತು ಮಾಡಿಕೊಂಡು ಒಲೆ ಆರಿಸಿದಳು.

ಜೂನ್ 20, ಸಂಜೆ, ಮೆಟ್ಟಿಲ ಮೇಲೆ

ಎರಡನೇ, ಮೂರನೇ ಮಹಡಿಯ ನಡುವಿನ ತಿರುವಿನಲ್ಲಿ ಕೂತು ಬರೆಯುತ್ತಿದ್ದೇನೆ. ಮಧ್ಯಾಹ್ನವೆಲ್ಲ ಮಳೆ. ಚೀಲದಲ್ಲಿದ್ದ ಅಂಗಿ ತೊಟ್ಟುಕೊಂಡು ಹಳೇ ಮಿಲ್ಲಿನ ಹಿಂದಿನ ಬಯಲಿಗೆ ಹೋದೆ. ಒಬ್ಬಳೇ. ಓಡಿದೆ. ಜಾರಿದೆ. ಆಮೇಲೆ ಜಾರದಿದ್ದರೂ ಬಿದ್ದೆ. ಮೊಣಕೈ ತರಚಿದೆ. ಅಂಗಿ ಮೈಗೆ ಅಂಟಿದೆ, ಕೆಸರು, ಬೆವರು, ಸ್ವಲ್ಪ ರಕ್ತ. ಬೆನ್ನಿನ ನೆರಳಿನ ಅಂಕಿಯಲ್ಲಿ ಮಣ್ಣು ಕೂತು ಈಗ ಚೆನ್ನಾಗಿ ಕಾಣುತ್ತಿರಬೇಕು. ನನಗೆ ಕಾಣುವುದಿಲ್ಲ.

ಅಂಗಿ ಬಾಗಿಲಲ್ಲಿಟ್ಟು ಬಂದುಬಿಡೋಣ ಅಂದುಕೊಂಡಿದ್ದೆ.

ಒಳಗೆ ನಲ್ಲಿ ನೀರು ಬೀಳುತ್ತಿದೆ. ನಿಂತಿತು. ನನ್ನ ಬೂಟಿನ ಸದ್ದು ಕೇಳಿರಬೇಕು. ಚಪ್ಪಲಿ ಎಳೆಯುತ್ತಾ ಬರುತ್ತಿದ್ದಾಳೆ. ಬಾಗಿಲ ಆಚೆ ನಿಂತಳು. ಕರೆಯುತ್ತಿದ್ದಾಳೆ. ನನ್ನ ಹೆಸರಲ್ಲ.

ಮತ್ತೆ ಕರೆದಳು.

ಬಂದೆ ಅಂದೆ. ಒಂದು ಬೂಟು ಬಿಚ್ಚಿದ್ದೇನೆ, ಇನ್ನೊಂದರ ಲೇಸು