ಕೆರೆಯಿಲ್ಲದ ಜಾಗ

ಬಸವೇಶ್ವರನಗರ, ಬೆಂಗಳೂರು
೮ ಡಿಸೆಂಬರ್ ೨೦೨೫, ಸೋಮವಾರ

ಪ್ರೀತಿಯ ಅಪ್ಪಾ,

ಮೊದಲು ‘ತೀರ್ಥರೂಪ’ ಎಂದು ಶುರುಮಾಡಿದ್ದೆ. ‘ಇದ್ಯಾವ ಕಾಲದ ಹುಡುಗಿ’ ಎಂದು ನೀವು ನಗುತ್ತೀರೆಂದು ಆ ಹಾಳೆ ಹರಿದು ಇನ್ನೊಂದು ತೆಗೆದುಕೊಂಡೆ. ಹೇಗಿದ್ದೀರಿ? ಈ ಚಳಿಗೆ ಮಂಡಿನೋವು ಜಾಸ್ತಿಯಾಗಿಲ್ಲ ತಾನೆ? ಕಿವಿಯ ಮಷಿನ್ನನ್ನು ನೀವು ಕನ್ನಡಕದ ಡಬ್ಬಿಯೊಳಗೆ ಮಲಗಿಸಿಬಿಟ್ಟಿದ್ದೀರೆಂದು ನಿಮ್ಮ ಕಿರಿಮಗಳು ರಾಗಿಣಿ ಚಾಡಿ ಹೇಳಿದಳು. ಅವಳನ್ನು ಬೈಯಬೇಡಿ, ತಿಪಟೂರಿನಲ್ಲಿ ನಿಮ್ಮನ್ನು ನೋಡಿಕೊಳ್ಳುವವಳು ಅವಳೇ, ಚಾಡಿ ಹೇಳುವ ಹಕ್ಕೂ ಅವಳದೇ. ಫೋನಿನಲ್ಲಿ ನಾನು ಏನು ಹೇಳಿದರೂ ನೀವು ‘ಸರಿ ಸರಿ, ಊಟ ಆಯ್ತಾ’ ಎನ್ನುತ್ತೀರಿ. ಈಗ ಹೇಳಬೇಕಾಗಿರುವುದು ಆ ‘ಸರಿ ಸರಿ’ಯಲ್ಲಿ ಮುಗಿಯುವಂಥದ್ದಲ್ಲ. ಅದಕ್ಕೇ ಈ ಕಾಗದ. ನಾವೆಲ್ಲ ಇಲ್ಲಿ ಚೆನ್ನಾಗಿದ್ದೇವೆ. ನಿಮ್ಮ ಅಳಿಯನಿಗೆ ಮಾತ್ರ ಮೂರು ಭಾನುವಾರ ನನ್ನ ಹಿಂದೆ ಸ್ಕೂಟರಿನಲ್ಲಿ ಕೂತು ಮಾಗಡಿ ರಸ್ತೆಯ ಧೂಳು ಕುಡಿದು ಗಂಟಲು ಕಟ್ಟಿದೆ.

ಮಾಗಡಿಗೆ ಯಾಕೆ ಎಂದು ಕೇಳುತ್ತೀರಿ. ಜೂನ್ ತಿಂಗಳಿಂದ ನಿಮ್ಮಿಂದ ಒಂದು ವಿಷಯ ಮುಚ್ಚಿಟ್ಟಿದ್ದೇನೆ ಅಪ್ಪಾ. ನಮ್ಮ ಶಾಲೆಯಲ್ಲಿ ಗೈಡ್ಸ್ ದಳ ಶುರುವಾಗಿದೆ. ಹೆಡ್‌ಮಿಸ್ ಅನಂತಲಕ್ಷ್ಮಿಯವರು ಸ್ಟಾಫ್ ರೂಮಿಗೆ ಬಂದು ಯಾರು ವಹಿಸಿಕೊಳ್ತೀರಿ ಎಂದು ಕೇಳಿದಾಗ ಎಲ್ಲರೂ ತಲೆ ತಗ್ಗಿಸಿ ಪೇಪರು ತಿದ್ದತೊಡಗಿದರು. ನನ್ನ ಕೈ ತಾನಾಗಿಯೇ ಮೇಲೆದ್ದಿತು. ನಮ್ಮ ಮನೆಯಲ್ಲಿ ಸ್ಕೌಟ್ ಎನ್ನುವ ಮಾತನ್ನೇ ಯಾರೂ ಆಡದೆ ಇಪ್ಪತ್ತಾರು ವರ್ಷವಾಯಿತು. ಅಂಥ ಮನೆಯ ಮಗಳು ನೀಲಿ ಸಮವಸ್ತ್ರ ಹೊಲಿಸಿಕೊಂಡಿದ್ದೇನೆ ಎಂದು ನಿಮಗೆ ಹೇಗೆ ಹೇಳಲಿ? ಇಪ್ಪತ್ತೆರಡು ಹುಡುಗಿಯರಿದ್ದಾರೆ. ಬಹಳಷ್ಟು ಮಂದಿ ಹೆಗ್ಗನಹಳ್ಳಿ, ಸುಂಕದಕಟ್ಟೆ ಕಡೆಯವರು, ಒಂದೇ ಕೋಣೆಯ ಮನೆಗಳಲ್ಲಿ ಬೆಳೆದವರು. ಪರೀಕ್ಷೆಗೆ ಮುಂಚೆ ಒಂದು ರಾತ್ರಿಯಾದರೂ ಬಯಲಲ್ಲಿ ಶಿಬಿರ ಹೂಡಬೇಕು ಎಂದಾಗ ದಿವ್ಯ ಎಂಬ ಹುಡುಗಿ ಕೇಳಿದ ಪ್ರಶ್ನೆ ಇದು: ‘ಮಿಸ್, ಟೆಂಟಲ್ಲಿ ಮಲಗಿದ್ರೆ ಪಕ್ಕದ ಮನೆ ಟಿವಿ ಕೇಳ್ಸಲ್ವಾ?’ ಇಲ್ಲ ಕಣೇ ಎಂದೆ. ಅವಳು ಕಣ್ಣರಳಿಸಿ ‘ಹಂಗಾದ್ರೆ ಏನ್ ಕೇಳ್ಸತ್ತೆ?’ ಎಂದಳು. ಅವಳಿಗೆ ಅದನ್ನು ಕೇಳಿಸಲೇಬೇಕು ಎಂದು ಆವತ್ತೇ ತೀರ್ಮಾನಿಸಿಬಿಟ್ಟೆ.

ಊರ ಹೊರಗೆ ಈಗ ಕ್ಯಾಂಪಿಂಗ್ ಎಂದು ಬೋರ್ಡು ಹಾಕಿಕೊಂಡ ಜಾಗಗಳು ಬೇಕಾದಷ್ಟಿವೆ, ಆದರೆ ತಲೆಗಿಷ್ಟು ಎಂದು ಕೊಟ್ಟು ಹೋಗುವುದು ನಮ್ಮ ಮಕ್ಕಳಿಂದಾಗದು. ಪುಕ್ಕಟೆ ಜಾಗವೇ ಬೇಕು. ಹಾಗಾಗಿ ಶ್ರೀರಾಮ್ ಅವರನ್ನು ಹೊರಡಿಸಿಕೊಂಡು, ಬ್ಯಾಡರಹಳ್ಳಿ ದಾಟಿ, ಮಾಗಡಿ ಸುತ್ತಮುತ್ತಲ ಹಳ್ಳಿಗಳಲ್ಲಿ ಹುಡುಕತೊಡಗಿದೆ. ‘ರಾತ್ರಿ ಹೊತ್ತು ಮಕ್ಕಳನ್ನ ಬಯಲಲ್ಲಿ ಮಲಗಿಸ್ತೀರಾ? ಯಾಕೆ, ಮನೆ ಇಲ್ವಾ ಅವಕ್ಕೆ?’ ಎಂದು ಒಬ್ಬ ಅಜ್ಜಿ ನಿಜವಾದ ಮರುಕದಿಂದ ಕೇಳಿದರು. ಒಂದು ಸರ್ಕಾರಿ ಶಾಲೆಯ ಮೇಷ್ಟರು ಮೈದಾನ ಕೊಡಲು ತಯಾರಿದ್ದರು, ಆದರೆ ಕಾಂಪೌಂಡಿಗೆ ಅಂಟಿಕೊಂಡೇ ಬಾರ್ ಇತ್ತು. ಒಂದು ಗುಡಿಯ ಪೂಜಾರರು ಮಂಟಪವಿಡೀ ಬಿಟ್ಟುಕೊಡುತ್ತೇವೆ ಎಂದವರು, ನಾವು ಹೊರಟು ನಿಂತಾಗ ದನಿ ತಗ್ಗಿಸಿ, ‘ಆ ಮೂರು ದಿನದ ಮಕ್ಕಳು ಯಾರೂ ಇರಬಾರ್ದು ತಾಯಿ’ ಎಂದರು. ಒಳ್ಳೆಯ ಮನುಷ್ಯರೇ. ಆದರೆ ಇಪ್ಪತ್ತೆರಡು ಹುಡುಗಿಯರಲ್ಲಿ ಯಾರನ್ನು ನಿಲ್ಲಿಸಿ ಕೇಳಲಿ, ಯಾರನ್ನು ಬಿಟ್ಟು ಹೋಗಲಿ? ಕೈಮುಗಿದು ಬಂದುಬಿಟ್ಟೆವು.

ಇವೆಲ್ಲಕ್ಕಿಂತ ಮೊದಲು, ಮೊದಲ ಭಾನುವಾರವೇ, ಒಂದು ಜಾಗ ಸಿಕ್ಕಿತ್ತು. ಕೆರೆಯ ದಂಡೆ. ಅಗಲವಾದ ಹುಲ್ಲುಗಾವಲು, ಸಾಲಾಗಿ ಹೊಂಗೆಮರ, ಊರವರೇ ‘ಧಾರಾಳವಾಗಿ ಬನ್ನಿ, ಕಾವಲಿಗೆ ನಾವೇ ಇರ್ತೀವಿ’ ಎಂದರು. ಶ್ರೀರಾಮ್ ‘ಮುಗೀತಲ್ಲ, ನಡಿ, ಇಡ್ಲಿ ತಿನ್ನೋಣ’ ಎಂದು ಸ್ಕೂಟರಿನ ಹತ್ತಿರ ಹೋದರು. ನಾನು ಮಾತ್ರ ತೂಬಿನ ಕಲ್ಲಿನ ಮೇಲೆ ಕೂತುಬಿಟ್ಟೆ. ಮದುವೆಯಾಗಿ ಹದಿನಾಲ್ಕು ವರ್ಷವಾದರೂ ಅವರಿಗೆ ಹೇಳದ ಆ ಕಥೆಯನ್ನು ಅಲ್ಲಿ ಹೇಳಿದೆ. ನೀವು ವಿಜಯನಗರದ ಹುಡುಗರ ಶಾಲೆಯಲ್ಲಿ ಲೆಕ್ಕದ ಮೇಷ್ಟ್ರಾಗಿ, ಸ್ಕೌಟ್ ಮಾಸ್ಟರಾಗಿ ಇದ್ದದ್ದು. ತೊಂಬತ್ತೊಂಬತ್ತರ ಡಿಸೆಂಬರಿನಲ್ಲಿ ಕೆರೆಯ ಪಕ್ಕದ ಶಿಬಿರದಲ್ಲಿ ಮುರಳೀಕೃಷ್ಣ ಎಂಬ ಎಂಟನೇ ತರಗತಿಯ ಹುಡುಗ ಕತ್ತಲಲ್ಲಿ ಮೆಟ್ಟಿಲಿಂದ ಜಾರಿ ನೀರಿಗೆ ಬಿದ್ದದ್ದು, ನೀವು ಹಾರಿ ಎತ್ತಿ ತಂದರೂ ಮುರಿದ ಅವನ ಮೊಳಕೈ ಮತ್ತೆ ನೆಟ್ಟಗಾಗದೇ ಹೋದದ್ದು. ನೀರು ತರಲು ನೀವೇ ಅವನನ್ನು ಕಳಿಸಿದಿರಿ ಎಂದು ತಿಳಿದು ಅವನ ತಂದೆ ನಮ್ಮ ನಡುಮನೆಯಲ್ಲಿ ನಿಂತು ಕೂಗಾಡಿದ್ದು. ಶಾಲೆಯವರು ದಳವನ್ನು ನಿಮ್ಮ ಕೈಯಿಂದ ತೆಗೆದುಕೊಂಡದ್ದು. ಆಮೇಲೆ ನೀವು ನಿವೃತ್ತಿಯಾಗುವವರೆಗೆ ಲೆಕ್ಕ ಬಿಟ್ಟು ಬೇರೆ ಮಾತಾಡದ ಮೇಷ್ಟ್ರಾಗಿ ಉಳಿದದ್ದು. ಶ್ರೀರಾಮ್ ಇಡ್ಲಿಯ ಮಾತೆತ್ತಲಿಲ್ಲ. ‘ಕೆರೆ ಇಲ್ಲದ ಜಾಗ ಹುಡುಕೋಣ ಬಿಡು’ ಎಂದರು, ಅಷ್ಟೆ.

ಮೂರನೇ ವಾರದ ಹೊತ್ತಿಗೆ ನಾನು ಸೋತಿದ್ದೆ. ಗೊತ್ತಿದ್ದವರಿಗೆಲ್ಲ ಮೆಸೇಜು ಕಳಿಸಿದ್ದೆ. ಅದು ಯಾರ್ಯಾರದೋ ಫೋನು ಸುತ್ತಿ ನಿಮ್ಮ ಹಳೆಯ ವಿದ್ಯಾರ್ಥಿಗಳ ಗುಂಪಿಗೂ ಹೋಗಿದೆ. ಗುರುವಾರ ಸಂಜೆ ಒಂದು ಕರೆ ಬಂತು. ‘ಮೇಡಂ, ನೀವು ವೆಂಕಟಗಿರಿ ಮೇಷ್ಟ್ರ ಮಗಳಲ್ವಾ? ನಾನು ಮುರಳೀಕೃಷ್ಣ’ ಎಂದರು. ನಾಯಂಡಹಳ್ಳಿಯಲ್ಲಿ ಗಾಡಿಗಳ ವೈರಿಂಗ್ ಮಾಡುವ ವರ್ಕ್‌ಶಾಪ್ ಇಟ್ಟಿದ್ದಾರಂತೆ. ಹೆಂಡತಿಯ ಮನೆಯವರದು ಮಾಗಡಿಯಿಂದ ಆಚೆ ಮಾವಿನ ತೋಟ. ಬೇಲಿ ಇದೆ, ಬೋರ್‌ವೆಲ್ ಇದೆ, ಕಾವಲಿಗೆ ಗಂಡ ಹೆಂಡತಿ ಇದ್ದಾರೆ, ಒಂದು ಪೈಸೆ ಬೇಡ, ಬಂದು ನೋಡಿ ಎಂದರು. ಬೇಡ ಎನ್ನಲು ಬಾಯಿ ತೆರೆದವಳು ‘ಅಲ್ಲಿ ಕೆರೆ ಇದ್ಯಾ?’ ಎಂದು ಕೇಳಿದೆ. ‘ಇಲ್ಲ ಮೇಡಂ, ಎರಡು ಮೈಲಿ ಸುತ್ತ ಕೆರೆ ಇಲ್ಲ’ ಎಂದರು.

ನಿನ್ನೆ ಹೋಗಿದ್ದೆವು. ತೋಟದ ಕಾವಲಿನವರು ಹಾವೇರಿ ಕಡೆಯ ದ್ಯಾಮಪ್ಪ ಮತ್ತು ಗುರವ್ವ. ಮಕ್ಕಳು ಬಂದರೆ ನಿಮಗೆ ತೊಂದರೆಯಾಗುತ್ತದೇನೋ ಎಂದು ನಾನು ಅಂದದ್ದೇ ತಡ, ಗುರವ್ವ ‘ಏನ್ ತೊಂದ್ರಿ ಅಕ್ಕಾರ? ಹೆಣ್ಮಕ್ಳು ಬಂದ್ರ ತೋಟಕ್ಕ ಒಂದ್ ಕಳಿ ಬರ್ತೈತಿ. ರೊಟ್ಟಿ ನಾ ಬಡೀತೀನಿ, ನೀವ್ ಪಲ್ಯ ಅಷ್ಟ ನೋಡ್ಕೋರಿ’ ಎಂದು ಎಲ್ಲವನ್ನೂ ತೀರ್ಮಾನಿಸಿಬಿಟ್ಟರು. ನಾನು ನಿಮ್ಮ ಮಗಳಲ್ಲವೇ, ಒಂದು ಬಿಂದಿಗೆ ನೀರು ಇಸಿದುಕೊಂಡು ನೆಲದ ಮೇಲೆ ಸುರಿದು, ಮಳೆ ಬಂದರೆ ನೀರು ಯಾವ ಕಡೆ ಓಡುತ್ತದೆ ಎಂದು ನೋಡುತ್ತಾ ನಿಂತೆ. ಒಣಕೊಂಬೆ ಇರುವ ಮರದ ಕೆಳಗೆ ಟೆಂಟು ಬೇಡ ಎಂದು ತಲೆಯೆತ್ತಿ ಮರಗಳನ್ನೂ ನೋಡಿದೆ. ಮುರಳೀಕೃಷ್ಣ ಸ್ವಲ್ಪ ದೂರದಲ್ಲಿ, ಎಡಗೈಯನ್ನು ಮಡಚಿ ಎದೆಗೆ ಹತ್ತಿರ ಇಟ್ಟುಕೊಂಡು ನಿಂತಿದ್ದರು. ಆ ಕೈ ಹಾಗೆಯೇ ಇದೆ ಅಪ್ಪಾ. ‘ಸಾರ್ ಕೂಡ ಹಿಂಗೇ ನೀರು ಹಾಕಿ ನೋಡ್ತಿದ್ರು’ ಎಂದು ಹತ್ತಿರ ಬಂದವರು, ಇದ್ದಕ್ಕಿದ್ದಂತೆ, ‘ಮೇಡಂ, ಅವತ್ತು ಸಾರ್ ನನ್ನ ಕಳಿಸಿರ್ಲಿಲ್ಲ’ ಎಂದರು.

ಅವರು ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ. ‘ಏಡಿ ಹಿಡಿಯೋಕೆ ಅಂತ ನಾನೇ ಟಾರ್ಚ್ ತಗೊಂಡು ಹೋಗಿದ್ದೆ ಮೇಡಂ. ಟೆಂಟ್ ಬಿಟ್ಟು ಯಾರೂ ಏಳ್ಬೇಡಿ ಅಂತ ಸಾರ್ ಎರಡು ಸಲ ಹೇಳಿದ್ರು. ಬಿದ್ದಾಗ ಕೂಗಿದ್ದು ಜ್ಞಾಪಕ. ಸಾರ್ ನನ್ನನ್ನ ಬೆನ್ನ ಮೇಲೆ ಹಾಕ್ಕೊಂಡು ಮೇನ್ ರೋಡ್‌ವರೆಗೂ ಓಡಿದ್ರು, ಹಾಲಿನ ಗಾಡಿ ಸಿಗೋವರೆಗೂ ಕೆಳಗೆ ಇಳಿಸ್ಲಿಲ್ಲ. ಆಸ್ಪತ್ರೇಲಿ ನಮ್ಮಪ್ಪ ಬಂದು, ಕತ್ತಲಲ್ಲಿ ಕೆರೆ ಹತ್ರ ಯಾಕೋ ಹೋದೆ ಅಂದ್ರು. ಅವರ ಬೆಲ್ಟ್ ನೆನಪಾಯ್ತು. ಸಾರ್ ನೀರು ತರೋಕೆ ಕಳ್ಸಿದ್ರು ಅಂದ್ಬಿಟ್ಟೆ. ಸಾರ್ ಅಲ್ಲೇ ಮಂಚದ ಕಾಲ ಹತ್ರ ನಿಂತಿದ್ರು. ಒದ್ದೆ ಬಟ್ಟೇಲೇ. ನನ್ನ ಮುಖ ನೋಡಿದ್ರು. ಆಮೇಲೆ ನಮ್ಮಪ್ಪನ ಕಡೆ ತಿರುಗಿ, ಹೌದು, ನಾನೇ ಕಳಿಸಿದ್ದು ಅಂದ್ರು.’

ಗುರವ್ವ ಟೀ ತಂದು ನಿಂತಿದ್ದರು. ಯಾರೂ ತೆಗೆದುಕೊಳ್ಳಲಿಲ್ಲ. ಹೈಸ್ಕೂಲಿನಲ್ಲಿದ್ದಾಗ ಮುರಳೀಕೃಷ್ಣ ಮೂರು ಸಲ ನಮ್ಮ ಮನೆಯ ಗೇಟಿನವರೆಗೆ ಬಂದಿದ್ದರಂತೆ, ನೀವು ಗಿಡಕ್ಕೆ ನೀರು ಹಾಕಲು ಹೊರಗೆ ಬಂದದ್ದು ಕಂಡು ಓಡಿಹೋದರಂತೆ. ದೊಡ್ಡವರಾದ ಮೇಲೆ ವಿಜಯನಗರ ಮಾರ್ಕೆಟ್ಟಿನಲ್ಲಿ ಎದುರಾದಾಗ ನೀವೇ ರಸ್ತೆ ದಾಟಿ ಆ ಕಡೆ ಹೋದಿರಂತೆ. ‘ನನ್ನ ಮೇಲೆ ಸಿಟ್ಟು ಅಂತ ತಿಳ್ಕೊಂಡೆ’ ಎಂದರು. ನನಗೆ ಹಾಗನ್ನಿಸಲಿಲ್ಲ. ನಿಮ್ಮನ್ನು ನೋಡಿ ಆ ಹುಡುಗ ಮುದುಡಿಹೋಗಬಾರದೆಂದು ನೀವು ದಾಟಿದಿರಿ ಎಂದೇ ನನ್ನ ನಂಬಿಕೆ. ಅಲ್ಲವೆಂದರೆ ಬರೆದು ತಿಳಿಸಿ. ಅವರ ತಂದೆ ತೀರಿಹೋಗಿದ್ದಾರೆ, ನಿಜ ತಿಳಿಯದೆಯೇ. ಕಳೆದ ವರ್ಷ ತಾಯಿಯ ಹತ್ತಿರ ಹೇಳಿಕೊಂಡರೆ, ಆಕೆ ಒಂದೇ ಮಾತು ಹೇಳಿದರಂತೆ: ‘ನನ್ನ ಹತ್ರ ಯಾಕೋ ಅಳ್ತೀಯ? ಹೋಗಿ ಅವರ ಕಾಲಿಗೆ ಬೀಳು.’ ಅದಕ್ಕೂ ಧೈರ್ಯ ಸಾಲದೆ ಒಂದು ವರ್ಷ ಕಳೆದಿದ್ದಾರೆ. ಅಷ್ಟರಲ್ಲಿ ನನ್ನ ಮೆಸೇಜು ಸಿಕ್ಕಿತು.

ಶಿಬಿರ ಇದೇ ಇಪ್ಪತ್ತನೇ ತಾರೀಕು ಶನಿವಾರ. ಹೆಡ್‌ಮಿಸ್ ಒಪ್ಪಿದ್ದಾರೆ, ಮನೆಗಳಿಂದ ಸಹಿ ಬಂದಿದೆ, ಇನ್ನಿಬ್ಬರು ಮಿಸ್‌ಗಳು ಜೊತೆಗಿರುತ್ತಾರೆ. ಆ ದಿನ ಬೆಳಿಗ್ಗೆ ಮುರಳೀಕೃಷ್ಣ ಕಾರು ತಗೊಂಡು ತಿಪಟೂರಿಗೆ ಬರುತ್ತೇನೆ, ಸಾರನ್ನು ಕರೆದುಕೊಂಡು ಬರುತ್ತೇನೆ ಎನ್ನುತ್ತಿದ್ದಾರೆ. ನಿಮ್ಮನ್ನು ಕೇಳದೆ ಬರಬೇಡಿ ಎಂದು ನಾನೇ ತಡೆದಿದ್ದೇನೆ. ನೀವು ಟೆಂಟಿನಲ್ಲಿ ಮಲಗಬೇಕಾಗಿಲ್ಲ, ದ್ಯಾಮಪ್ಪನ ಮನೆಯ ಮುಂದಿನ ಕೋಣೆ ಬೆಚ್ಚಗಿದೆ. ಭಾಷಣವನ್ನೂ ಮಾಡಬೇಕಾಗಿಲ್ಲ. ಹುಡುಗಿಯರಿಗೆ ಎರಡು ಗಂಟು ಹಾಕಿ ತೋರಿಸಿದರೆ ಸಾಕು. ನಾನು ಕಲಿಸಿದ ಗಂಟುಗಳೆಲ್ಲ ಎಳೆದರೆ ಬಿಚ್ಚಿಕೊಳ್ಳುತ್ತವೆ, ಅವು ನಿಮ್ಮ ಮಗಳ ಮರ್ಯಾದೆ ತೆಗೆಯುತ್ತಿವೆ. ಬರುವುದು ಕಷ್ಟವೆನಿಸಿದರೆ ರಾಗಿಣಿಯ ಕೈಲಿ ‘ಬೇಡ’ ಎಂದು ಒಂದು ಮೆಸೇಜು ಹಾಕಿಸಿ ಸಾಕು, ಯಾರೂ ಯಾಕೆ ಎಂದು ಕೇಳುವುದಿಲ್ಲ.

ಶ್ರೀರಾಮ್ ನಮಸ್ಕಾರ ತಿಳಿಸಿದ್ದಾರೆ. ರಾಗಿಣಿಗೂ ಮಕ್ಕಳಿಗೂ ನನ್ನ ಪ್ರೀತಿ. ನಿಮ್ಮ ಆಶೀರ್ವಾದ ಈ ಇಪ್ಪತ್ತೆರಡು ಮಂದಿಗೂ ಇರಲಿ, ನನಗೆ ಸ್ವಲ್ಪ ಹೆಚ್ಚಿಗೆ.

ನಿಮ್ಮ ಮಗಳು,
ಶುಭಾ

ಮರೆತ ಮಾತು: ಸ್ಪೀಡ್ ಪೋಸ್ಟಿಗೆ ಹೊತ್ತಾಯಿತು, ಶ್ರೀರಾಮ್ ಕೆಳಗೆ ಹಾರ್ನ್ ಹೊಡೆಯುತ್ತಿದ್ದಾರೆ, ಆದರೂ ಇದನ್ನು ಬರೆಯದೆ ಲಕೋಟೆ ಅಂಟಿಸಲಾರೆ. ಮುರಳಿಯ ತಂದೆ ಕೂಗಾಡಿ ಹೋದ ಆ ಸಂಜೆ ಅಮ್ಮ ‘ಅವರು ಹಂಗೆ ಕಳಿಸೋರಲ್ಲ’ ಎಂದು ಒಲೆಯ ಮುಂದೆ ಒಂದೇ ಸಮನೆ ಹೇಳುತ್ತಿದ್ದಳು. ಹದಿನಾಲ್ಕು ವರ್ಷದ ನಾನು ಬಾಗಿಲಲ್ಲಿ ಅಡ್ಡ ನಿಂತು, ‘ಕತ್ತಲಲ್ಲಿ ಮಕ್ಕಳನ್ನ ಯಾರಾದ್ರೂ ಕಳಿಸ್ತಾರಾ? ನಿಮಗೆ ಅಷ್ಟೂ ಗೊತ್ತಾಗಲ್ವಾ?’ ಎಂದು ನಿಮ್ಮನ್ನು ಕೇಳಿದೆ. ನೀವು ನನ್ನ ತಲೆ ಮುಟ್ಟಿ ‘ತಪ್ಪಾಯ್ತು ಕಣಮ್ಮ’ ಎಂದಿರಿ. ಮನೆಯವಳಾದ ನನಗೂ ನಿಜ ಹೇಳದೆ ಆ ಹುಡುಗನನ್ನು ಕಾಪಾಡಿದಿರಿ. ನಾನೂ ನಿನ್ನೆಯವರೆಗೂ ನೀವೇ ಕಳಿಸಿದಿರೆಂದು ನಂಬಿಕೊಂಡೇ ಇದ್ದೆ. ಬನ್ನಿ, ಬಿಡಿ, ಅದು ನಿಮ್ಮಿಷ್ಟ. ತಪ್ಪು ಮಾತ್ರ ನನ್ನದು ಅಪ್ಪಾ.